ಕ್ಲಾಸ್ ಡೆಕ್ ಅಳೆಯುವುದು ಹೇಗೆ? ಕೂಡಿ ಆಡುವವರಿಗೊಂದು ಸಮಗ್ರ ಮಾರ್ಗದರ್ಶಿ

ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಹಜಾರದಲ್ಲಿ ನಾಲ್ಕು ಜನ ಸೇರುತ್ತೇವೆ. ಚಾಪೆ ಹಾಸಿ ಅದರ ಮೇಲೆ ಪಾತ್‌ಫೈಂಡರ್ ಅಡ್ವೆಂಚರ್ ಕಾರ್ಡ್ ಗೇಮ್ ಹರಡುತ್ತೇವೆ. 2013ರಲ್ಲಿ ಪೈಜೋ ಕಂಪನಿ ಹೊರತಂದ ಆಟ ಇದು. ಮುಖ್ಯ ವಿನ್ಯಾಸಕ ಮೈಕ್ ಸೆಲಿಂಕರ್. ಇದರಲ್ಲಿ ನಾವೆಲ್ಲ ಒಂದೇ ಪಕ್ಷ, ಎದುರು ಪಕ್ಷ ಆಟವೇ. ಗೆದ್ದರೆ ನಾಲ್ವರೂ ಗೆದ್ದ ಹಾಗೆ, ಸೋತರೆ ನಾಲ್ವರೂ ಸೋತ ಹಾಗೆ.

ಈ ಆಟಕ್ಕೆ 2014ರಿಂದ ಕ್ಲಾಸ್ ಡೆಕ್‌ಗಳು ಬಂದವು, ಅಂದರೆ ಒಂದೊಂದು ಬಗೆಯ ವೀರನಿಗೆ ಬೇಕಾದ ಪಾತ್ರ, ಕಾರ್ಡುಗಳಿರುವ ಬಿಡಿ ಪೆಟ್ಟಿಗೆಗಳು. ಬಾರ್ಡ್, ಕ್ಲೆರಿಕ್, ಫೈಟರ್, ರೇಂಜರ್, ರೋಗ್, ಸೋರ್ಸರರ್, ವಿಜಾರ್ಡ್ ಎಂಬ ಏಳು ಮೊದಲಿನವು. ಒಂದೊಂದು ಪೆಟ್ಟಿಗೆಯಲ್ಲೂ 109 ಎಲೆ, ಅಂದರೆ ಕಾರ್ಡ್. ನಮ್ಮ ದಶಾವತಾರ ಗಂಜೀಫಾ ಕಟ್ಟಿಗಿಂತ ಹನ್ನೊಂದೇ ಕಮ್ಮಿ, ಅದರಲ್ಲಿ 120. ಎಲೆಯಾಟದ ವಿಷಯಕ್ಕೆ ಮೈಸೂರಿನವರು ಹೊಸಬರೇನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 360 ಎಲೆಗಳ ತನಕ ಹೋಗುವ ಗಂಜೀಫಾ ಕಟ್ಟುಗಳನ್ನು ಯೋಜಿಸಿದ ಊರು ಇದು.

ನಾನು ಮೊದಲು ತಂದದ್ದು ವಿಜಾರ್ಡ್, ಅಂದರೆ ಮಂತ್ರವಾದಿಯ ಡೆಕ್. ಮಂತ್ರದ ಎಲೆಗಳ ಮೇಲಿನ ದಾಳದ ಸಂಖ್ಯೆ ನೋಡಿಯೇ ಮನಸೋತಿದ್ದೆ. ಮೂರನೇ ಭಾನುವಾರ ಆಟ ಅರ್ಧಕ್ಕೆ ಬರುವಷ್ಟರಲ್ಲಿ ನನ್ನ ಕಟ್ಟು ಖಾಲಿಯಾಗಿ ನನ್ನ ಪಾತ್ರ ಸತ್ತುಹೋಯಿತು. ಆವತ್ತು ಶ್ರೀರಂಗಪಟ್ಟಣದಿಂದ ಬಂದಿದ್ದ ನನ್ನ ಸೋದರತ್ತೆ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಚೌಕಾಬಾರ, ಅಳಿಗುಳಿಮಣೆ ಎರಡರಲ್ಲೂ ಅವರದು ಪಳಗಿದ ಕೈ. ಅವರು ಕೇಳಿದ್ದು ಎರಡೇ ಪ್ರಶ್ನೆ. "ಕೈಯಿಂದ ಹೋದ ಎಲೆ ವಾಪಸ್ ಬರುತ್ತಾ?" ಅಂತ ಒಂದು. "ನಿನ್ನ ಎಲೆ ಪಕ್ಕದವರಿಗೆ ಆಗುತ್ತಾ?" ಅಂತ ಇನ್ನೊಂದು. ಡೆಕ್ ಅಳೆಯುವ ಕೆಲಸವೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ಇದೆ ಎಂದು ಆಮೇಲೆ ನನಗೆ ಗೊತ್ತಾಯಿತು. ನಾನು ಈಗ ಹೊಸ ಡೆಕ್ ಕೈಗೆ ಬಂದಾಗ ಏನೇನು ಮಾಡುತ್ತೇನೆ ಎಂದು ಒಂದೊಂದಾಗಿ ಹೇಳುತ್ತೇನೆ.

ಮೊದಲು ಆಟದ ಲೆಕ್ಕ

ಆಡಿ ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ. ನಿಮ್ಮ ಪಾತ್ರಕ್ಕೆ ಆರಂಭದಲ್ಲಿ 15 ಎಲೆಗಳ ಕಟ್ಟು. ಆಯುಧ, ಮಂತ್ರ, ಕವಚ, ಸಾಮಾನು, ಜೊತೆಗಾರ, ಆಶೀರ್ವಾದ ಎಂದು ಆರು ಬಗೆ. ಯಾವ ಬಗೆ ಎಷ್ಟೆಷ್ಟು ಎಂದು ಪಾತ್ರದ ಎಲೆಯಲ್ಲೇ ಬರೆದಿರುತ್ತದೆ. ಚಾಪೆಯ ಮೇಲೆ ಕೆಲವು ಜಾಗಗಳು, ಒಂದೊಂದು ಜಾಗದಲ್ಲೂ ಹತ್ತು ಎಲೆ. ಅದರಲ್ಲಿ ಒಂದು ಖಳನಾಯಕ ಅಥವಾ ಅವನ ಬಂಟ. ನಿಮ್ಮ ಸರದಿಗೆ ಒಂದು ಹುಡುಕಾಟ ಪುಕ್ಕಟೆ, ಅಂದರೆ ಜಾಗದ ಮೇಲಿನ ಒಂದು ಎಲೆ ತೆರೆಯಬಹುದು. ಹೆಚ್ಚಿಗೆ ಬೇಕಾದರೆ ಕೈಯ ಎಲೆ ಕೊಡಬೇಕು. ಬಂಟನನ್ನು ಸೋಲಿಸಿದರೆ ಆ ಜಾಗ ಮುಚ್ಚುವ ಅವಕಾಶ. ಎಲ್ಲ ದಾರಿಯೂ ಮುಚ್ಚಿ ಖಳನಾಯಕ ಸಿಕ್ಕಿಬಿದ್ದರೆ ಗೆಲುವು.

ಇದಕ್ಕೆ ಗಡಿಯಾರವೂ ಒಂದಿದೆ: ಆಶೀರ್ವಾದದ 30 ಎಲೆಗಳ ಇನ್ನೊಂದು ಕಟ್ಟು. ಪ್ರತಿ ಸರದಿಗೆ ಒಂದು ಎಲೆ ತಿರುವುತ್ತೇವೆ. ಎಷ್ಟು ಜನ ಆಡಿದರೂ ಒಟ್ಟು 30 ಸರದಿ, ಅಷ್ಟೇ.

ಹೆಜ್ಜೆ 1: ಡೆಕ್ ತೆರೆಯುವ ಮುಂಚೆ ಜನ ಎಣಿಸಿ

ತುಂಬಾ ಜನ ಈ ಹೆಜ್ಜೆಯನ್ನೇ ಬಿಟ್ಟುಬಿಡುತ್ತಾರೆ. ಡೆಕ್ ಒಳ್ಳೆಯದಾ, ಕೆಟ್ಟದ್ದಾ ಎಂದು ಕೇಳುವ ಮುಂಚೆ ಎಷ್ಟು ಜನರ ನಡುವೆ ಅದು ಕೂರುತ್ತದೆ ಎಂದು ಕೇಳಬೇಕು.

2013ರ ಮೊದಲ ಪೆಟ್ಟಿಗೆಯ ನಿಯಮದಲ್ಲಿ ಜಾಗಗಳ ಸಂಖ್ಯೆ ಆಟಗಾರರಿಗಿಂತ ಎರಡು ಜಾಸ್ತಿ. ಹತ್ತು ಎಲೆಯಲ್ಲಿ ಬಂಟ ಎಲ್ಲಿ ಬೇಕಾದರೂ ಇರಬಹುದು. ಸರಾಸರಿ ತೆಗೆದರೆ ಐದೂವರೆ ಹುಡುಕಾಟಕ್ಕೆ ಸಿಗುತ್ತಾನೆ. ಇಬ್ಬರು ಆಡಿದರೆ ನಾಲ್ಕು ಜಾಗ, ಸುಮಾರು 22 ಹುಡುಕಾಟ ಬೇಕು. ಕೈಯಲ್ಲಿ 30 ಸರದಿ ಇದೆ, ಆರಾಮ. ನಾಲ್ವರಾದರೆ ಆರು ಜಾಗ, 33 ಹುಡುಕಾಟ. ಇಲ್ಲೇ ಗಡಿಯಾರ ನಮ್ಮನ್ನು ದಾಟಿಬಿಟ್ಟಿತು. ಆರು ಜನರಾದರೆ ಎಂಟು ಜಾಗ, 44 ಹುಡುಕಾಟ. ಪುಕ್ಕಟೆ ಸಿಗುವುದು ಮೂವತ್ತೇ.

ಹಾಗಾಗಿ ಆರು ಜನರ ಮನೆಯಲ್ಲಿ ಹೆಚ್ಚಿನ ಹುಡುಕಾಟ ಕೊಡುವ ಡೆಕ್‌ಗೆ ಬೆಲೆ. ಒಬ್ಬೊಬ್ಬರಿಗೂ ಸಿಗುವುದು ಐದೇ ಸರದಿ, ಆ ಐದರಲ್ಲೇ ಕಡೇ ಪಕ್ಷ ಎರಡು ಮೂರು ಸಲವಾದರೂ ಎರಡನೇ ಎಲೆ ತೆರೆಯಬೇಕು. ಇಬ್ಬರೇ ಆಡುವ ಮನೆಯ ಕಥೆ ಬೇರೆ. ತಲೆಗೆ ಹದಿನೈದು ಸರದಿ. ಸಮಯಕ್ಕೆ ಬರವಿಲ್ಲ, ಆದರೆ ಕಟ್ಟು ಅಷ್ಟು ಹೊತ್ತು ಬಾಳಬೇಕು. ಜೊತೆಗೆ ಬೀಗ, ಬಲೆ, ಮಾತುಕತೆ ಎಲ್ಲವನ್ನೂ ಇಬ್ಬರೇ ನಿಭಾಯಿಸಬೇಕು. ಒಂದೇ ಕೆಲಸದಲ್ಲಿ ನಿಪುಣನಾದ ಪಾತ್ರ ಅಲ್ಲಿ ಒದ್ದಾಡುತ್ತದೆ.

ನಮ್ಮ ಗೆಳೆಯರಲ್ಲಿ ಒಬ್ಬ ಮಂಡ್ಯದಲ್ಲಿ ತನ್ನ ತಂಗಿಯ ಜೊತೆ ಇಬ್ಬರೇ ಆಡುತ್ತಾನೆ. ನಾವು ಬೇಡ ಎಂದು ಪಕ್ಕಕ್ಕಿಟ್ಟ ಡೆಕ್ ಅವನಿಗೆ ಅಚ್ಚುಮೆಚ್ಚು. ಅವನ ಮಾತೂ ಸರಿ, ನಮ್ಮ ಮಾತೂ ಸರಿ.

ಹೆಜ್ಜೆ 2: ಪಾತ್ರದ ಎಲೆಯಲ್ಲಿ ಮೂರು ಕಡೆ ಕಣ್ಣು ಹಾಯಿಸಿ

ಮೊದಲನೆಯದು ದಾಳ. ಆಟ ಕೇಳುವ ಅಂಕವನ್ನು ದಾಳ ಉರುಳಿಸಿ ಮುಟ್ಟುವುದೇ ಇಲ್ಲಿ ಪರೀಕ್ಷೆ. ನಾಲ್ಕು ಮುಖದಿಂದ ಹನ್ನೆರಡು ಮುಖದವರೆಗೆ ದಾಳಗಳಿವೆ. ಡಿ4, ಅಂದರೆ ನಾಲ್ಕು ಮುಖದ ದಾಳದ ಸರಾಸರಿ 2.5, ಡಿ12ರದು 6.5. ದೊಡ್ಡ ದಾಳ ಬಲ, ಬುದ್ಧಿಯಂಥ ಯಾವ ಗುಣಕ್ಕಿದೆ ಎಂದು ಎಲ್ಲರೂ ನೋಡುತ್ತಾರೆ. ನೀವು ಎರಡನೇ ದೊಡ್ಡ ದಾಳ ಯಾವುದಕ್ಕಿದೆ ಎಂದೂ ನೋಡಿ. ಜಾಗ ಮುಚ್ಚುವಾಗ ಆಟ ಕೇಳುವುದು ಹಲವು ಸಲ ಬೇರೆ ಗುಣವನ್ನೇ.

ಎರಡನೆಯದು ಕೈಯ ಅಳತೆ. ಸಾಮಾನ್ಯವಾಗಿ ನಾಲ್ಕರಿಂದ ಆರು. ಆರು ಎಲೆಯ ಕೈ ನೋಡಲು ಶ್ರೀಮಂತಿಕೆ. ಆದರೆ ಹದಿನೈದರಲ್ಲಿ ಆರು ಕೈಗೆ ಬಂದರೆ ಕಟ್ಟಿನಲ್ಲಿ ಉಳಿಯುವುದು ಒಂಬತ್ತು. ಸರದಿಯ ಕೊನೆಗೆ ಕೈ ಮತ್ತೆ ಆರಕ್ಕೆ ತುಂಬಲೇಬೇಕು. ತುಂಬಲು ಕಟ್ಟಿನಲ್ಲಿ ಎಲೆ ಇಲ್ಲದಿದ್ದರೆ ಪಾತ್ರ ಸಾಯುತ್ತದೆ. ಸರದಿಗೆ ಎರಡು ಎಲೆ ಖರ್ಚಾದರೂ ಐದನೇ ಸರದಿಗೆ ಬಾಗಿಲು ಬಂದ್. ನಾಲ್ಕು ಎಲೆಯ ಕೈಯವನಿಗೆ ಕಟ್ಟಿನಲ್ಲಿ ಹನ್ನೊಂದು ಇರುತ್ತದೆ. ನನ್ನ ವಿಜಾರ್ಡ್ ಸತ್ತದ್ದು ಈ ಲೆಕ್ಕದಲ್ಲೇ.

ಮೂರನೆಯದು ಎಲೆಗಳ ಪಟ್ಟಿ. ಮೊದಲ ಪೆಟ್ಟಿಗೆಯ ವಲೇರೋಸ್‌ಗೆ ಐದು ಆಯುಧ, ಮೂರು ಕವಚ, ಮೂರು ಆಶೀರ್ವಾದ. ಅದೇ ಪೆಟ್ಟಿಗೆಯ ಕೈರಾಗೆ ಎರಡೇ ಆಯುಧ, ಆರು ಆಶೀರ್ವಾದ. ಎಜ್ರೆನ್‌ಗೆ ಎಂಟು ಮಂತ್ರ, ಆಶೀರ್ವಾದ ಒಂದೂ ಇಲ್ಲ. ಪಟ್ಟಿ ನೋಡಿದರೇ ಮೂವರ ಸ್ವಭಾವ ಗೊತ್ತಾಗುತ್ತದೆ ಅಲ್ವಾ? ಕ್ಲಾಸ್ ಡೆಕ್‌ನಲ್ಲಿ ಇದೇ ಹೆಸರಿನವರು ಬಂದರೂ ಸಂಖ್ಯೆ, ಶಕ್ತಿ ಬೇರೆ ಇರಬಹುದು. ಹೆಸರು ನೋಡಿ ತೀರ್ಮಾನ ಮಾಡಬೇಡಿ, ಎಲೆ ಓದಿ.

ಪಟ್ಟಿ ನೋಡುವಾಗಲೇ ಇನ್ನೊಂದು ಲೆಕ್ಕ ಹಾಕಿಬಿಡಿ. ಕೈ ಐದರದ್ದು, ಹೊಡೆದಾಟಕ್ಕೆ ಬರುವ ಎಲೆ ಹದಿನೈದರಲ್ಲಿ ಎರಡೇ ಎಂದುಕೊಳ್ಳಿ. ಮೊದಲ ಕೈಯಲ್ಲಿ ಅವೆರಡರಲ್ಲಿ ಒಂದೂ ಬಾರದೇ ಇರುವ ಸಾಧ್ಯತೆ ನೂರಕ್ಕೆ 43. ಮೂರಿದ್ದರೆ 26, ನಾಲ್ಕಿದ್ದರೆ 15, ಐದಿದ್ದರೆ 8. ಎರಡರಿಂದ ನಾಲ್ಕಕ್ಕೆ ಹೋದರೆ ಎಷ್ಟು ನೆಮ್ಮದಿ ನೋಡಿ. ಪಾತ್ರದ ಮೆಚ್ಚಿನ ಬಗೆಯ ಒಂದು ಎಲೆ ಮೊದಲ ಕೈಯಲ್ಲಿ ಇರಲೇಬೇಕು ಎಂಬ ನಿಯಮವಿದೆ. ಅದು ಆಯುಧವೇ ಆಗಿದ್ದರೆ ಈ ಚಿಂತೆ ಮೊದಲ ಸರದಿಯ ಮಟ್ಟಿಗೆ ತಪ್ಪುತ್ತದೆ.

ಹೆಜ್ಜೆ 3: ವಾಪಸ್ ಬರುವ ಎಲೆ ಎಷ್ಟು?

ಅತ್ತೆಯ ಮೊದಲ ಪ್ರಶ್ನೆ ಇದು. ಇಲ್ಲಿ ಒಂದು ಗಂಟೆ ಕೂತರೂ ನಷ್ಟವಿಲ್ಲ.

ಎಲೆ ಬಳಸಲು ಮುಖ್ಯವಾಗಿ ಐದು ರೀತಿ. ತೋರಿಸುವುದು: ಎಲೆ ಕೈಯಲ್ಲೇ ಉಳಿಯುತ್ತದೆ. ರೀಚಾರ್ಜ್: ಕಟ್ಟಿನ ಅಡಿಗೆ ಹೋಗುತ್ತದೆ, ಮುಂದೆ ಮತ್ತೆ ಬರುತ್ತದೆ. ಡಿಸ್ಕಾರ್ಡ್: ಪಕ್ಕದ ಗುಡ್ಡೆಗೆ ಹೋಗುತ್ತದೆ, ಯಾರಾದರೂ ಗುಣಪಡಿಸಿದರೆ ಮಾತ್ರ ವಾಪಸ್. ಹೂಳುವುದು: ಈ ಆಟಕ್ಕೆ ಮುಗಿದ ಹಾಗೆ. ಕೊನೆಯದು ಪೆಟ್ಟಿಗೆಗೇ ಕಳಿಸುವುದು: ಎಲೆ ನಿಮ್ಮ ಕೈಬಿಟ್ಟೇ ಹೋಯಿತು.

ಒಂದು ಹಾಳೆ ತೆಗೆದುಕೊಳ್ಳಿ. ಆರಂಭದ ಕಟ್ಟಿಗೆ ಹಾಕಬೇಕೆಂದಿರುವ ಹದಿನೈದು ಎಲೆ ಬರೆದು, ಒಂದೊಂದರ ಮುಂದೆ ಅದರ ಮುಖ್ಯ ಕೆಲಸಕ್ಕೆ ಯಾವ ಬೆಲೆ ಎಂದು ಗುರುತು ಹಾಕಿ. ತೋರಿಸುವುದಕ್ಕೂ ರೀಚಾರ್ಜಿಗೂ ಟಿಕ್, ಉಳಿದದ್ದಕ್ಕೆ ಗೆರೆ. ನನ್ನ ಅನುಭವದಲ್ಲಿ ಟಿಕ್ ಏಳಕ್ಕಿಂತ ಕಮ್ಮಿ ಇದ್ದರೆ ಆ ಪಾತ್ರ ಗುಣಪಡಿಸುವವರನ್ನು ಬೆನ್ನಿಗೆ ಕಟ್ಟಿಕೊಂಡೇ ಓಡಾಡಬೇಕು.

ಮಂತ್ರಗಳಿಗೆ ಟಿಕ್ ಹಾಕುವಾಗ ಜೋಪಾನ. ಮಂತ್ರ ಬಳಸಿದ ಮೇಲೆ ಒಂದು ಪರೀಕ್ಷೆ ಇರುತ್ತದೆ. ಗೆದ್ದರೆ ರೀಚಾರ್ಜ್, ಇಲ್ಲದಿದ್ದರೆ ಡಿಸ್ಕಾರ್ಡ್. ಆ ಪರೀಕ್ಷೆಗೆ 6 ಬೇಕು ಎನ್ನಿ. ಡಿ12ರ ಜೊತೆ ಎರಡು ಕೂಡುವ ಪಾತ್ರಕ್ಕೆ ನೂರಕ್ಕೆ 75 ಸಲ ಎಲೆ ವಾಪಸ್. ಬರೀ ಡಿ8 ಇರುವವನಿಗೆ 38 ಸಲ ಕೂಡ ಪೂರ್ತಿ ಇಲ್ಲ. ಅದೇ ಎಲೆ, ಅದೇ ಅಕ್ಷರ, ಒಬ್ಬನಿಗೆ ಆಸ್ತಿ, ಇನ್ನೊಬ್ಬನಿಗೆ ಒಂದು ಸಲದ ಪಟಾಕಿ. ಮಂತ್ರ ಓದುವ ಕೌಶಲವೇ ಇಲ್ಲದವರು ಬಳಸಿದರೆ ಅದು ಪೆಟ್ಟಿಗೆಗೇ ಹೋಗುತ್ತದೆ. ಆದ್ದರಿಂದ ನಾನು ಪೂರ್ತಿ ಟಿಕ್ ಬದಲು ಅರ್ಧ ಟಿಕ್ ಹಾಕುತ್ತೇನೆ.

ಪಾತ್ರದ ಸ್ವಂತ ಶಕ್ತಿಯನ್ನೂ ಈ ಹಾಳೆಗೆ ಸೇರಿಸಿ. ಮೊದಲ ಪೆಟ್ಟಿಗೆಯ ಸಿಯೋನಿ ಯಾವ ಎಲೆಯನ್ನಾದರೂ ಡಿಸ್ಕಾರ್ಡ್ ಮಾಡಿ ಮಂತ್ರದ ಹಾಗೆ ಹೊಡೆಯಬಲ್ಲಳು. ಆಯುಧ ಬಂದಿಲ್ಲ ಎಂಬ ಚಿಂತೆ ಅವಳಿಗಿಲ್ಲ. ಆದರೆ ಹೊಡೆದಷ್ಟೂ ಅವಳ ಆಯಸ್ಸು ಕರಗುತ್ತದೆ. ಇಂಥ ಶಕ್ತಿ ಇದ್ದರೆ ಎದುರಿಗೆ ಒಂದು ಸಾಲು ಬರೆಯಿರಿ: ಸರದಿಗೆ ಎಷ್ಟು ಎಲೆ ಹೋಗುತ್ತದೆ, ಎಷ್ಟು ಬರುತ್ತದೆ. ಮನೆಯ ಖರ್ಚಿನ ಪುಸ್ತಕ ಬರೆದವರಿಗೆ ಇದು ಸುಲಭ.

ಸೋಲಿಗೂ ಬೆಲೆ ಇದೆ. ರಾಕ್ಷಸನನ್ನು ಎದುರಿಸಿ ನಾಲ್ಕು ಅಂಕ ಕಮ್ಮಿ ಬಿದ್ದರೆ ಕೈಯಿಂದ ನಾಲ್ಕು ಎಲೆ ಡಿಸ್ಕಾರ್ಡ್. ಒಂದು ಕೆಟ್ಟ ದಾಳ ಎರಡು ಸರದಿಯ ಎಚ್ಚರಿಕೆಯನ್ನು ನುಂಗುತ್ತದೆ. ಕವಚ ಇರುವ ಡೆಕ್ ಇಲ್ಲಿ ಉಸಿರು ಬಿಡುತ್ತದೆ. ನಾನು ಮೊದಮೊದಲು ಕವಚವನ್ನು ಲೆಕ್ಕಕ್ಕೇ ಇಡುತ್ತಿರಲಿಲ್ಲ. ಈಗ ಕವಚಕ್ಕೆ ಪಟ್ಟಿಯಲ್ಲಿ ಜಾಗವೇ ಇಲ್ಲದ ಪಾತ್ರವನ್ನು ಎರಡು ಸಲ ಯೋಚಿಸಿ ತೆಗೆದುಕೊಳ್ಳುತ್ತೇನೆ.

ಹೆಜ್ಜೆ 4: ಪಕ್ಕದವರಿಗೆ ಆಗುತ್ತಾ?

ಅತ್ತೆಯ ಎರಡನೇ ಪ್ರಶ್ನೆ. ಮೊದಲು ಆಶೀರ್ವಾದದ ಎಲೆ ತೆಗೆದುಕೊಳ್ಳಿ. ಯಾರದ್ದೇ ಪರೀಕ್ಷೆಗೆ ಅವರದೇ ಗುಣದ ಇನ್ನೊಂದು ದಾಳ ಸೇರಿಸುವುದು ಅದರ ಕೆಲಸ. ಇದರ ಬೆಲೆ ಸಂಖ್ಯೆಯಲ್ಲಿ ನೋಡಿದಾಗ ನಾನು ಬೆರಗಾದೆ. ಬಲಕ್ಕೆ ಡಿ10, ಮೇಲೆ ಎರಡು, ಕತ್ತಿಯಿಂದ ಡಿ8 ಇರುವವನು 10 ಅಂಕದ ರಾಕ್ಷಸನನ್ನು ಎದುರಿಸಿದರೆ ಗೆಲ್ಲುವ ಸಾಧ್ಯತೆ ನೂರಕ್ಕೆ 74. ಒಂದು ಆಶೀರ್ವಾದ ಸೇರಿದರೆ 96. ರಾಕ್ಷಸ 14ರವನಾದರೆ 35. ಆಶೀರ್ವಾದ ಸೇರಿದರೆ ಹತ್ತಿರ ಹತ್ತಿರ 80. ಹೀಗೆ ಒಂದೇ ಎಲೆಗೆ ಸೋಲನ್ನು ಗೆಲುವು ಮಾಡುವಷ್ಟು ಬಲ ಇದೆ. ಮೇಲಾಗಿ ಅದೇ ಎಲೆಯನ್ನು ಇನ್ನೊಂದು ಹುಡುಕಾಟಕ್ಕೂ ಕೊಡಬಹುದು.

ಒಂದು ನಿಯಮ ಮರೆಯಬಾರದು. ಒಂದು ಪರೀಕ್ಷೆಗೆ ಒಬ್ಬ ಆಟಗಾರ ಒಂದು ಬಗೆಯ ಒಂದೇ ಎಲೆ ಆಡಬಹುದು. ನನ್ನ ಕೈಯಲ್ಲಿ ಮೂರು ಆಶೀರ್ವಾದ ಇದ್ದರೂ ಖಳನಾಯಕನ ಎದುರು ನನ್ನಿಂದ ಬರುವುದು ಒಂದೇ. ಮೂವರ ಕೈಯಲ್ಲಿ ಒಂದೊಂದಿದ್ದರೆ ಮೂರೂ ಬರುತ್ತವೆ. ಹಾಗಾಗಿ ಆಶೀರ್ವಾದವೇ ಇಲ್ಲದ ಪಾತ್ರ ಮೇಜಿಗೆ ಎರಡನೆಯದು ಬಂದರೆ ಇಡೀ ಗುಂಪೇ ಬಡವಾಗುತ್ತದೆ. ಡೆಕ್ ಕೊಳ್ಳುವ ಮುಂಚೆ ಗೆಳೆಯರ ಪಟ್ಟಿಯಲ್ಲಿ ಒಟ್ಟು ಎಷ್ಟು ಆಶೀರ್ವಾದ ಇದೆ, ಎಷ್ಟು ಜನರಲ್ಲಿ ಹಂಚಿದೆ ಎಂದು ಎಣಿಸಿ.

ಆಮೇಲೆ ಪಾತ್ರದ ಸಹಾಯದ ಸಾಲು ಓದಿ. "ನಿನ್ನ ಜಾಗದಲ್ಲಿರುವ" ಎಂಬ ಮಾತಿದೆಯಾ? ಮೊದಲ ಪೆಟ್ಟಿಗೆಯ ವಲೇರೋಸ್ ತನ್ನ ಜಾಗದಲ್ಲಿರುವವರ ಹೊಡೆದಾಟಕ್ಕೆ ಡಿ4 ಕೊಡುತ್ತಾನೆ. ಲೆಮ್ ಒಂದು ಎಲೆ ರೀಚಾರ್ಜ್ ಮಾಡಿ ಜೊತೆಯಲ್ಲಿರುವವರ ಯಾವ ಪರೀಕ್ಷೆಗಾದರೂ ಡಿ4 ಕೊಡುತ್ತಾನೆ. ಆರು ಜನ ಎಂಟು ಜಾಗಕ್ಕೆ ಹರಡಿ ಹೋದಾಗ ಈ ಸಹಾಯ ಯಾರ ಕೈಗೂ ಎಟುಕುವುದಿಲ್ಲ. ಇಬ್ಬರು ಮೂವರು ಜೋಡಿಯಾಗಿ ಓಡಾಡುವ ಮನೆಯಲ್ಲಿ ಅದೇ ಸಹಾಯ ಪ್ರತಿ ಸರದಿಗೂ ಸಿಗುತ್ತದೆ.

ಗುಣಪಡಿಸುವ ಶಕ್ತಿಗೂ ಹೀಗೇ ಬೆಲೆ ಕಟ್ಟಿ. ಮೊದಲ ಪೆಟ್ಟಿಗೆಯ ಕೈರಾ ದೈವಿಕ ಎಲೆಯೊಂದನ್ನು ತೋರಿಸಿ, ತನ್ನ ಜಾಗದಲ್ಲಿರುವ ಒಬ್ಬರ ಗುಡ್ಡೆಯಿಂದ ಡಿ4ರ ಮೇಲೆ ಒಂದು, ಅಂದರೆ ಸರಾಸರಿ ಮೂರೂವರೆ ಎಲೆ ಕಟ್ಟಿಗೆ ಮರಳಿಸುತ್ತಾಳೆ. ಆ ತೋರಿಸಿದ ಎಲೆ ಡಿಸ್ಕಾರ್ಡ್ ಆಗುತ್ತದೆ. ಆ ಸರದಿಯ ಮೊದಲ ಹುಡುಕಾಟವೂ ಹೋಗುತ್ತದೆ. ನಾಲ್ವರ ಆಟದಲ್ಲಿ ಹುಡುಕಾಟಕ್ಕೇ ಬರ ಇರುವಾಗ ಇದು ಸಣ್ಣ ಬೆಲೆ ಅಲ್ಲ. ಆದರೂ ನಮ್ಮ ಮನೆಯಲ್ಲಿ ಕೈರಾ ಇಲ್ಲದೆ ಆಟ ಶುರುವಾಗುವುದು ಕಮ್ಮಿ. ಸತ್ತ ಪಾತ್ರ ಹುಡುಕಾಟವನ್ನೇ ಮಾಡುವುದಿಲ್ಲವಲ್ಲ.

ಹೆಜ್ಜೆ 5: ಪೆಟ್ಟಿಗೆಯ ಆಳ ನೋಡಿ

109 ಎಲೆ ಕೇಳಲು ಜಾಸ್ತಿ. ಮೊದಲ ಏಳು ಡೆಕ್‌ಗಳಲ್ಲಿ ನಾಲ್ಕು ನಾಲ್ಕು ಪಾತ್ರಗಳಿವೆ. ಎಲೆಗಳು ನಾಲ್ವರಿಗೂ ಹೊಂದಬೇಕು. ನಿಮ್ಮ ಪಾತ್ರಕ್ಕೆ ನಿಜವಾಗಿ ಕೆಲಸಕ್ಕೆ ಬರುವುದು ಅದರಲ್ಲಿ ಒಂದು ಪಾಲು.

ಒಂದು ಕೋಷ್ಟಕ ಹಾಕಿ. ಎಡಗಡೆ ಆರು ಬಗೆ, ಮೇಲೆ ಎಲೆಗಳ ಮಟ್ಟ: ಮೊದಲು ಆರಂಭದ್ದು, ಆಮೇಲೆ 1ರಿಂದ 6. ಪ್ರತಿ ಮನೆಯಲ್ಲಿ ಎರಡು ಸಂಖ್ಯೆ: ಒಟ್ಟು ಎಷ್ಟು ಎಲೆ, ಅದರಲ್ಲಿ ನಿಮ್ಮ ಪಾತ್ರ ಖುಷಿಯಿಂದ ಹಿಡಿಯುವುದು ಎಷ್ಟು. ಕ್ಲಾಸ್ ಡೆಕ್ ಇಟ್ಟುಕೊಂಡು ಗಿಲ್ಡ್ ನಿಯಮದಲ್ಲಿ, ಅಂದರೆ ಒಬ್ಬೊಬ್ಬರೂ ತಮ್ಮದೇ ಡೆಕ್ ತಂದು ಸೇರಿ ಆಡುವ ಸಂಘಟಿತ ಆಟದ ನಿಯಮದಲ್ಲಿ ಆಡುವವರಿಗೆ ಇದು ಬಹಳ ಮುಖ್ಯ. ಅಲ್ಲಿ ಆಟದಲ್ಲಿ ಗೆದ್ದ ಎಲೆ ನಿಮ್ಮದಾಗುವುದಿಲ್ಲ. ಅದೇ ಬಗೆಯ, ಅದೇ ಮಟ್ಟದ ಅಥವಾ ಕೆಳಗಿನ ಎಲೆಯನ್ನು ನಿಮ್ಮ ಪೆಟ್ಟಿಗೆಯಿಂದ ತೆಗೆದುಕೊಳ್ಳುತ್ತೀರಿ. ಗೆಳೆಯರು ಮೂರನೇ ಮಟ್ಟದ ಒಳ್ಳೆಯ ಆಯುಧ ಗೆದ್ದರೂ ನಿಮ್ಮ ಪೆಟ್ಟಿಗೆಯ ಆ ಮನೆ ಖಾಲಿ ಇದ್ದರೆ ಏನು ಪ್ರಯೋಜನ?

ಕೋಷ್ಟಕದಲ್ಲಿ ಸತತ ಎರಡು ಮನೆಗಳಲ್ಲಿ ಎರಡನೇ ಸಂಖ್ಯೆ ಸೊನ್ನೆ ಬಂದರೆ ನಾನು ಕೆಂಪು ಸುತ್ತು ಹಾಕುತ್ತೇನೆ. ಅದು ನಿಮ್ಮ ಮುಖ್ಯ ಬಗೆಯಲ್ಲೇ ಬಂದಿದ್ದರೆ ಬೇರೆ ಪಾತ್ರ ನೋಡಿ. ಕಡೆಯ ಮಟ್ಟದ ಒಂದು ಅದ್ಭುತ ಎಲೆಗಾಗಿ ಡೆಕ್ ಆರಿಸಬೇಡಿ. ಅದು ಕೈಗೆ ಬರುವಷ್ಟರಲ್ಲಿ ಆಟದ ಬಹುಪಾಲು ಮುಗಿದಿರುತ್ತದೆ.

ಆಟದ ಹೊಸ ಆವೃತ್ತಿಯಾದ 2019ರ ಕೋರ್ ಸೆಟ್‌ನಲ್ಲಿ ಆರಂಭದ ಮಟ್ಟವನ್ನು 0 ಎಂದು ಬರೆಯುತ್ತಾರೆ. ನಿಯಮಗಳೂ ಅಲ್ಲಲ್ಲಿ ಬದಲಾಗಿವೆ. ಕೋಷ್ಟಕ ಹಾಕುವ ರೀತಿ ಅದೇ.

ಹೆಜ್ಜೆ 6: ಬಡ ಕೈಯ ಪರೀಕ್ಷೆ

ಹಾಳೆಯ ಲೆಕ್ಕ ಮುಗಿಯಿತು. ಈಗ ಕಟ್ಟು ಕಲಸಿ ಒಬ್ಬರೇ ಕೂತು ಹತ್ತು ಸಲ ಮೊದಲ ಕೈ ಹಂಚಿಕೊಳ್ಳಿ. ಪ್ರತಿ ಸಲ ಮೂರು ಪ್ರಶ್ನೆ: ಈ ಕೈಯಿಂದ ಒಂದು ಸಾಧಾರಣ ರಾಕ್ಷಸನನ್ನು ಹೊಡೆಯಬಲ್ಲೆನಾ? ಎರಡನೇ ಎಲೆ ತೆರೆಯಬಲ್ಲೆನಾ? ಇನ್ನೊಬ್ಬರಿಗೆ ಏನಾದರೂ ಕೊಡಬಲ್ಲೆನಾ? ಮೂರಕ್ಕೂ ಹೌದು ಎಂದರೆ ಮೂರು ಅಂಕ. ಹತ್ತು ಕೈಗಳ ಅಂಕ ಬರೆದು, ಅತಿ ಕಮ್ಮಿ ಬಂದ ಮೂರನ್ನು ಮಾತ್ರ ನೋಡಿ. ಒಳ್ಳೆಯ ಕೈ ಬಂದಾಗ ಯಾವ ಡೆಕ್ ಆದರೂ ಆಡುತ್ತದೆ. ಆ ಮೂರು ಬಡ ಕೈಗಳಲ್ಲಿ ಒಂದೊಂದರಲ್ಲೂ ಕಡೇ ಪಕ್ಷ ಒಂದು ಹೌದು ಇದ್ದರೆ ನನಗೆ ಸಾಕು. ಸೊನ್ನೆ ಬಂದ ಕೈ ಇದ್ದರೆ ಅದರಲ್ಲಿ ಯಾವ ಎಲೆ ಸುಮ್ನೆ ಕೂತಿದೆ ನೋಡಿ, ಅದೇ ಬಗೆಯ ಬೇರೆ ಎಲೆ ಹಾಕಿ, ಮತ್ತೆ ಹತ್ತು ಸಲ ಹಂಚಿ.

ರೋಲ್ ಎಲೆಯ ಬಗ್ಗೆ, ಅಂದರೆ ಪಾತ್ರ ಪಳಗಿದ ಮೇಲೆ ಹೆಚ್ಚಿನ ಶಕ್ತಿ ಕೊಡುವ ಎಲೆಯ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಮೊದಲ ಪೆಟ್ಟಿಗೆಯಲ್ಲಿ ಅದು ಸಿಗುವುದೇ ಮೂರನೇ ಸಾಹಸ ಮುಗಿದ ಮೇಲೆ.

ನಿಜವಾದ ಆಟ ಶುರುವಾದ ಮೇಲೆ ಒಂದು ಕೆಲಸ ಮಾತ್ರ ಮಾಡಿ. ಪಕ್ಕದಲ್ಲಿ ಹಾಳೆ ಇಟ್ಟುಕೊಳ್ಳಿ. ಸರದಿ ಮುಗಿದಾಗ ಕೈಯಲ್ಲಿ ಬಳಸದೆ ಉಳಿದ ಎಲೆಯ ಹೆಸರಿನ ಮುಂದೆ ಒಂದು ಚುಕ್ಕೆ. ಇನ್ನೊಬ್ಬರ ಸರದಿಯಲ್ಲಿ ನಿಮ್ಮ ಎಲೆ ಕೆಲಸಕ್ಕೆ ಬಂದರೆ ಅದರ ಮುಂದೆ ಒಂದು ನಕ್ಷತ್ರ. ಮೂರು ಭಾನುವಾರ ಕಳೆಯಲಿ. ನನ್ನ ವಿಜಾರ್ಡ್ ಹಾಳೆಯಲ್ಲಿ ನಾನು ಮನಸೋತಿದ್ದ ದೊಡ್ಡ ಮಂತ್ರದ ಮುಂದೆ ಒಂಬತ್ತು ಚುಕ್ಕೆ ಇತ್ತು. ಮೊದಲ ದಿನ ಕಣ್ಣೆತ್ತಿಯೂ ನೋಡದ ಒಬ್ಬ ಜೊತೆಗಾರನ ಮುಂದೆ ಏಳು ನಕ್ಷತ್ರ. ದೊಡ್ಡ ಮಂತ್ರ ತೆಗೆದು ಆ ಜಾಗಕ್ಕೆ ರೀಚಾರ್ಜ್ ಸುಲಭವಾಗಿ ಆಗುವ ಚಿಕ್ಕ ಮಂತ್ರ ಹಾಕಿದೆ. ಮುಂದಿನ ಸಲ ಅತ್ತೆ ಬಂದಾಗ ಅದೇ ಹಾಳೆಯನ್ನು ಅವರ ಮುಂದಿಟ್ಟೆ. ಅವರು ನಕ್ಷತ್ರಗಳನ್ನು ಬೆರಳಿಟ್ಟು ಎಣಿಸಿ, ನನಗೂ ಒಂದು ಕೈ ಹಂಚು ಎಂದರು.